ಗೊಲ್ಲಪ್ಪನ ಪಾದಗಳಿಗೆ

ಹೊಳಲ್ಕೆರೆ
೯ ಮಾರ್ಚ್ ೨೦೨೫

ಶ್ರೀಮದ್ ಗೊಲ್ಲಪ್ಪನವರ ಎಡ ಮತ್ತು ಬಲ ಪಾದಗಳ ದಿವ್ಯ ಸನ್ನಿಧಾನಕ್ಕೆ,

ಮೊಮ್ಮಗಳು ಕಾವ್ಯಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹಿರಿಯರಿಗೆ ಬರೆಯುವಾಗ ‘ಪಾದಗಳಿಗೆ’ ಎಂದು ಶುರು ಮಾಡುವುದು ವಾಡಿಕೆ. ಮಿಕ್ಕವರು ಅದನ್ನು ಮರ್ಯಾದೆಗೆ ಬರೆಯುತ್ತಾರೆ, ನಾನು ವಿಳಾಸವೆಂದೇ ಬರೆಯುತ್ತಿದ್ದೇನೆ. ಈ ಕಾಗದ ಪಾದಗಳಿಗೇ. ಅವುಗಳ ಮಾಲೀಕ ನನ್ನ ಮಾತು ಕೇಳುವುದಿಲ್ಲ, ಅವನಿಗೆ ಕೇಳಿಸುವುದೂ ಇಲ್ಲ. ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು ಹರಿಯಬ್ಬೆಯ ಊರಿಗೆಲ್ಲ ಕೇಳಿಸಿತಂತೆ, ಫೋನು ಕಿವಿಗಿಟ್ಟುಕೊಂಡಿದ್ದ ನಿನಗೊಬ್ಬನಿಗೆ ಬಿಟ್ಟು. ಇನ್ನು ಮೇಲೆ ಕಾಗದವೇ ಅಜ್ಜ. ನಾಲ್ಕನೇ ಕ್ಲಾಸು ಓದಿದೀನಿ ಅಂತ ಮೀಸೆ ತಿರುವುತ್ತೀಯಲ್ಲ, ಓದು.

ಹಿರಿಯೂರಿನ ಡಾಕ್ಟರು ಬರೆದ ಚೀಟಿಯನ್ನು ನಿನ್ನ ಮೊಮ್ಮಗ ಗಿರೀಶಣ್ಣ ಫೋಟೋ ತೆಗೆದು ಕಳಿಸಿದ್ದ. ನಿನಗೆ ಸಕ್ಕರೆ ಕಾಯಿಲೆ ಇಲ್ಲ. ರಕ್ತದಲ್ಲಿ ಬಿ ಹನ್ನೆರಡು ಎಂಬ ವಿಟಮಿನ್ ಮಾತ್ರ ತಳ ಹಿಡಿದಿದೆ. ಅದಿಲ್ಲದಿದ್ದರೆ ನರಗಳ ಮೇಲಿನ ಹೊದಿಕೆ ಸವೆಯುತ್ತದೆ. ಕರೆಂಟಿನ ವೈರಿನ ಮೇಲಿನ ಪ್ಲಾಸ್ಟಿಕ್ಕು ಕಿತ್ತುಹೋದರೆ ಸುಮ್ಮಸುಮ್ಮನೆ ಕಿಡಿ ಹಾರುತ್ತದಲ್ಲ, ಪಾದಗಳು ಉರಿಯುತ್ತಿರುವುದು ಅದಕ್ಕೇ.

ಆ ವಿಟಮಿನ್ನು ಸೊಪ್ಪು, ಕಾಳು, ರಾಗಿಯಲ್ಲಿ ಸಿಗುವುದಿಲ್ಲ. ಬಾಡು, ಮೊಟ್ಟೆ, ಹಾಲು, ಮೊಸರಿನಲ್ಲಿ ಸಿಗುತ್ತದೆ. ಒಂದು ಮಂದೆ ಕುರಿ ಕಟ್ಟಿಕೊಂಡವನ ಮೈಯಲ್ಲಿ ಅದು ಇಲ್ಲವೆಂದರೆ, ಕೆರೆಯ ಏರಿ ಮೇಲೆ ಮನೆ ಮಾಡಿ ಬಾಯಾರಿ ಬಿದ್ದುಕೊಂಡ ಹಾಗೆ. ಅಜ್ಜಿ ತೀರಿಕೊಂಡ ಮೇಲೆ ನೀನು ಮುದ್ದೆ ಮತ್ತು ಸೊಪ್ಪಿನ ಸಾರು ಬಿಟ್ಟರೆ ಬೇರೆ ಮುಟ್ಟಿಲ್ಲ. ಯಾಕೆ ಬಿಟ್ಟರು ಎಂದು ಅವ್ವನನ್ನು ಕೇಳಿದೆ. ‘ನಂಗೇನ್ ಗೊತ್ತಮ್ಮ, ಅತ್ತೆ ಹೋದ್ಮೇಲೆ ಬಿಟ್ರು’ ಅಂದಳು. ಅಪ್ಪನನ್ನು ಕೇಳಿದೆ. ದೊಡ್ಡತಿಮ್ಮಪ್ಪ ಎಂದು ಹೆಸರಿಟ್ಟುಕೊಂಡವನು ಸಣ್ಣ ಉತ್ತರವನ್ನೂ ಕೊಡಲಿಲ್ಲ.

ನೀನು ಸೂಜಿಗೆ ಒಂದು ಸಲ ಹೋಗಿ, ಎರಡನೇ ಸಲ ಕರೆದಾಗ ಮಂದೆಯ ಹಿಂದೆ ಪರಾರಿಯಾದೆಯಂತೆ. ಆದ್ದರಿಂದ ಡಾಕ್ಟರು ಬರೆದ ಮಾತ್ರೆಗಳನ್ನು ನಾನೇ ಕಳಿಸುತ್ತಿದ್ದೇನೆ. ಚಿತ್ರದುರ್ಗದಲ್ಲಿ ಫಾರ್ಮಸಿ ಓದಿದ್ದಕ್ಕೂ, ಇಲ್ಲಿ ದಯಾನಂದಣ್ಣನ ಮೆಡಿಕಲ್ ಷಾಪಿನಲ್ಲಿ ತರಬೇತಿಗೆ ನಿಂತಿರುವುದಕ್ಕೂ ಇಷ್ಟಾದರೂ ಉಪಯೋಗವಾಗಲಿ.

ಇಲ್ಲಿ ಅಡಿಕೆ ಮಂಡಿಯ ಹಮಾಲಿ ಈರಬಸಪ್ಪ ಎಂಬುವನಿದ್ದಾನೆ. ದಿನಾ ಬರುತ್ತಾನೆ. ‘ಸೊಂಟಕ್ಕೆ ಆ ಕೆಂಪು ಮಾತ್ರೆ ಕೊಡವ್ವ.’ ‘ಅದು ಸೊಂಟಕ್ಕಲ್ಲ ಈರಬಸಪ್ಪ, ವಿಟಮಿನ್ನು.’ ‘ಕೆಂಪಗೈತಲ್ಲ, ಕೆಲ್ಸ ಮಾಡ್ತದೆ ಬಿಡು.’ ಅವನ ಸೊಂಟ ಹಿಡಿದಿರುವುದು ಅಡಿಕೆ ಚೀಲದಿಂದ. ಅದಕ್ಕೆ ವಿಟಮಿನ್ನು ಏನು ಮಾಡೀತು? ಬೇಕಿಲ್ಲದವರು ಕೇಳಿ ಕೇಳಿ ನುಂಗುತ್ತಾರೆ. ನಿಜವಾಗಿ ಬೇಕಾದ ಎರಡು ಪಾದಗಳು ಹರಿಯಬ್ಬೆಯಲ್ಲಿ ಕಂಬಳಿ ಹೊದ್ದು ಮಲಗಿವೆ.

ದಿನಕ್ಕೊಂದು, ಊಟವಾದ ಮೇಲೆ. ಪಾದಗಳು ತಮ್ಮ ಮಾಲೀಕನ ಮೇಲೆ ಒತ್ತಡ ತರಬೇಕೆಂದು ಕೋರುತ್ತಾ,

ಪಾದಧೂಳಿ
ಕಾವ್ಯಶ್ರೀ


ಹರಿಯಬ್ಬೆ
೨೩ ಮಾರ್ಚ್ ೨೦೨೫

ಮಗಳೇ ಕಾವ್ಯ,

ಕಾಗದ ಬಂತು. ಮಾತ್ರೆ ಬಂದ್ವು. ಮಾತ್ರೆನೆಲ್ಲ ಕರಿಮೂತಿಗೆ ಕೊಟ್ಟೆ.

ಕರಿಮೂತಿ ಗೊತ್ತಲ್ಲ ನಿಂಗೆ, ನಮ್ಮ ಮುದಿ ಕುರಿ. ಹಿಂಗಾಲು ಎಳೀತಿತ್ತು. ಹೊಸ ಔಷಧಿ ಯಾವುದೇ ಬರ್ಲಿ, ಮೊದ್ಲು ಮಂದೇಲಿ ಒಂದಕ್ಕೆ ಹಾಕಿ ನೋಡಾದು ನಮ್ಮ ಪದ್ಧತಿ. ನಮ್ಮಪ್ಪನೂ ಅಂಗೇ ಮಾಡ್ತಿದ್ದ. ಬೆಲ್ಲದಾಗೆ ಇಟ್ಟು ತಿನ್ನಿಸಿದೆ. ಈಗ ಮಂದೆ ಮುಂದಕ್ಕೆ ಹೋಗಿ ನಿಂತ್ಕಂತಾ ಐತೆ. ಔಷಧಿ ಒಳ್ಳೇದೇ. ಇನ್ನು ಕಳಿಸಬ್ಯಾಡ.

ಪಾದಕ್ಕೆ ಬರೆದಿದ್ದಿ ಅಂತ ಪಾದಕ್ಕೆ ಓದಿ ಹೇಳಿದೆ. ಅವು ಏನೂ ಅನ್ಲಿಲ್ಲ.

ನೋವು ಐತೆ. ನೆಳ್ಳಾಗೆ ಕುಂತಿದ್ರೂ ಬಿಸಿಲು ಬಂಡೆ ಮೇಲೆ ನಿಂತಂಗೆ. ಹೆಬ್ಬೆಟ್ಟಿಂದ ಶುರುವಾಗಿ ಮೀನಖಂಡದ ತಂಕ ಬರ್ತದೆ. ಮಲಗಿದ ಮೇಲೆ ಜಾಸ್ತಿ. ಆಮೇಲೆ ಯಾರೋ ಬಂದು ಕಾಲ ಹತ್ರ ಕುಂತಂಗೆ ಆಗಿ, ಹಾಸಿಗೆ ಆ ಕಡೆ ತುಸ ತಗ್ಗಾಗ್ತದೆ. ಆವಾಗ ನಾನು ಕಾಲನ್ನ ಆ ಕಡೆಗೇ ಸರಿಸ್ತೀನಿ. ಯಾತಕ್ಕೆ ಅಂತ ನಂಗೆ ಗೊತ್ತು. ಅದು ನಿಂಗೆ ಬ್ಯಾಡ.

ನೀನು ಹೊತ್ತೊತ್ತಿಗೆ ಉಣ್ಣು.

ನಿಮ್ಮಜ್ಜ
ಗೊಲ್ಲಪ್ಪ


ಹೊಳಲ್ಕೆರೆ
೬ ಏಪ್ರಿಲ್ ೨೦೨೫

ಗೊಲ್ಲಪ್ಪನವರಿಗೆ (ಪಾದಗಳಿಗಲ್ಲ, ಅವು ನಿರಪರಾಧಿಗಳು) ಮೊದಲನೆಯ ಮತ್ತು ಕಟ್ಟಕಡೆಯ ನೋಟೀಸು.

ತಾವು, ಮನುಷ್ಯರಿಗೆಂದು ನಾನು ಕಳಿಸಿದ ಮಾತ್ರೆಗಳನ್ನು ಉದ್ದೇಶಪೂರ್ವಕವಾಗಿ, ಬೆಲ್ಲದ ಸಹಾಯದಿಂದ, ಕುರಿಯೊಂದಕ್ಕೆ ತಿನ್ನಿಸಿರುತ್ತೀರಿ. ಸದರಿ ಕುರಿಯು ಗುಣಮುಖವಾಗಿ ಮಂದೆಯ ಮುಂದೆ ಮೆರೆಯುತ್ತಿರುವುದಾಗಿ ತಾವೇ ಒಪ್ಪಿಕೊಂಡಿರುತ್ತೀರಿ. ಕುರಿಯ ಹೊಟ್ಟೆ ಆ ವಿಟಮಿನ್ನನ್ನು ತಾನೇ ಮಾಡಿಕೊಳ್ಳುತ್ತದೆ ಅಜ್ಜ, ನಮ್ಮ ಮೇಷ್ಟರು ಅದನ್ನು ಬೋರ್ಡಿನ ಮೇಲೆ ಬರೆದು ಹೇಳಿದ್ದರು. ನಿನ್ನ ಹೊಟ್ಟೆ ಮಾಡಿಕೊಳ್ಳುವುದಿಲ್ಲ. ಕರಿಮೂತಿಯ ಕಾಲು ಬೇರೆ ಯಾವುದಕ್ಕೋ ಸರಿಹೋಗಿದೆ. ಬಹುಶಃ ಬೆಲ್ಲಕ್ಕೆ.

ಈ ಸಂಗತಿಯನ್ನು ದಯಾನಂದಣ್ಣನಿಗೆ ಹೇಳಿದೆ. ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕ. ಮಂಡಿನೋವಿಗೆ ಮಾತ್ರೆ ಕೊಳ್ಳಲು ಬಂದಿದ್ದ ಚಂದ್ರಕ್ಕ ನಗಲಿಲ್ಲ. ‘ಕುರಿ ಮೇಲೆ ಅಷ್ಟು ಪ್ರೀತಿ ಇದ್ರೆ, ಅದ್ಯಾರ ಕುರಿ ಅಂತ ಕೇಳಮ್ಮ’ ಅಂದಳು. ಯಾರದ್ದೂ ಅಲ್ಲ, ನಮ್ಮದೇ ಎಂದೆ. ಅವಳು ತನ್ನ ಮಂಡಿಯನ್ನು ತಾನೇ ಒತ್ತಿಕೊಳ್ಳುತ್ತಾ ಹೋದಳು.

ಹಾಸಿಗೆ ತಗ್ಗಾಗುವುದು, ಯಾರೋ ಕೂತಂತಾಗುವುದು ಎಲ್ಲ ನರದ ಆಟ. ಹೆದರಬೇಡ.

ಮತ್ತೊಂದು ತಿಂಗಳ ಮಾತ್ರೆ ಇದರ ಜೊತೆಗಿದೆ. ಇದನ್ನೂ ನುಂಗದಿದ್ದರೆ ಮೇಲಿನವರಿಗೆ ದೂರು ಕೊಡಬೇಕಾಗುತ್ತದೆ. ಮೇಲಿನವರು ಯಾರೆಂಬುದು ತಮಗೆ ಸಕಾಲದಲ್ಲಿ ತಿಳಿಯುವುದು.

ಇಂತು
ಕಾವ್ಯಶ್ರೀ


ಮೇಲ್ಗಡೆ, ಹುಣಸೇಮರದ ನೆರಳು
೨೭ ಏಪ್ರಿಲ್ ೨೦೨೫

ತಿಮ್ಮಪ್ಪನ ಅಪ್ಪನಿಗೆ,

ಬದುಕಿದ್ದಾಗಲೂ ನಿನ್ನ ಹೆಸರು ಹಿಡಿದವಳಲ್ಲ, ಈಗಲೂ ಹಿಡಿಯಲ್ಲ. ಜುಂಜಮ್ಮ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಕ್ಷೇಮ ಬಿಟ್ಟು ಬೇರೆ ಕೆಲಸ ಇಲ್ಲ. ಕುರಿ ಇಲ್ಲ, ಹಿಕ್ಕೆ ಬಳಿಯೋದಿಲ್ಲ, ಕೈ ತುರಿಸ್ತಾ ಅವೆ. ನಮ್ಮತ್ತೆನೂ ಇಲ್ಲೇ ಅವಳೆ, ಇಲ್ಲಿಯ ರಾಗಿಗೆ ಕಲ್ಲು ಜಾಸ್ತಿ ಅಂತ ದಿನಾ ಜಗಳ.

ನಿನ್ನ ಮೇಲೆ ದೂರು ಬಂದೈತೆ. ಮೊಮ್ಮಗಳು ಅಷ್ಟು ದೂರದಿಂದ ಮಾತ್ರೆ ಕಳಿಸಿದ್ರೆ ಕುರಿಗೆ ತಿನ್ನಿಸ್ತೀಯಂತೆ. ಹೌದೋ ಅಲ್ವೋ. ಇಲ್ಲಿ ಎಲ್ಲರ ಮುಂದೆ ನನ್ನ ಮಾನ ಹೋತು. ‘ನಿನ್ನ ಗಂಡ ಕುರಿ ಡಾಕ್ಟರಾಗವನಂತೆ’ ಅಂತ ಆಡ್ಕಂತಾರೆ.

ಇದೇ ಕೊನೇ ಮಾತು. ಬರೋ ಅಮಾಸೆ ಒಳಗೆ ಮಾತ್ರೆ ನುಂಗಾಕೆ ಶುರು ಮಾಡು. ಇಲ್ದಿದ್ರೆ ನಾನೇ ಇಳಿದು ಬಂದು ನಿನ್ನ ಎರಡೂ ಕಾಲು ಕಿತ್ಕಂಡು ಹೋಗ್ತೀನಿ. ನಿಂಗೆ ಬ್ಯಾಡಾದ ಕಾಲು ನಂಗಾದ್ರೂ ಆಗ್ಲಿ.

ಹೆಬ್ಬೆಟ್ಟಿನ ಗುರುತು ಒತ್ತೋಣವೆಂದರೆ ಇಲ್ಲಿ ಹೆಬ್ಬೆಟ್ಟು ಇರುವುದಿಲ್ಲ.

ಜುಂಜಮ್ಮ


ಹರಿಯಬ್ಬೆ
೧೧ ಮೇ ೨೦೨೫

ಮಗಳೇ ಕಾವ್ಯ,

ಅವಳ ಕಾಗದ ಬಂತು. ಅಕ್ಷರ ನಿಂದು. ಹೊಳಲ್ಕೆರೆ ಅಂಚೆ ಮುದ್ರೆ ಐತೆ. ಹಿಕ್ಕೆ ವಿಷ್ಯ ಓದಿ ನಕ್ಕೆ. ನಮ್ಮವ್ವನ ವಿಷ್ಯ ಓದಿ ಇನ್ನೂ ನಕ್ಕೆ, ಗಿರೀಶ ಬಂದು ಏನಾತಜ್ಜ ಅಂತ ನೋಡ್ದ. ಆಮೇಲೆ ಕಾಲು ಕಿತ್ಕಂಡು ಹೋಗ್ತೀನಿ ಅನ್ನ ಮಾತಿಗೆ ಬಂದೆ.

ಆ ಮಾತು ನಿಂಗೆ ಯಾರು ಹೇಳಿದ್ರು. ನಾನು ಯಾರ ಹತ್ರಾನೂ ಆಡಿಲ್ಲ. ನಿಮ್ಮಪ್ಪನ ಹತ್ರಾನೂ ಆಡಿಲ್ಲ.

ಈಗ ಕೇಳು. ಅವಳು ಹಾಸಿಗೆ ಹಿಡಿದಾಗ ಕಾಲು ನೋವು ಅಂತಿದ್ಲು. ಪಾದ ಉರೀತಾವೆ ಅಂತಿದ್ಲು. ಮಂದೆ ನಿಮ್ಮಪ್ಪನ ಜೊತೆ ಮೇವಿಗೆ ಅಂತ ಭದ್ರಾ ನೀರಿನ ಕಡೆ ಹೋಗಿತ್ತು. ಗಬ್ಬದ ಕುರಿ ಅಂತ, ಅವಳು ಸಾಕಿದ ಕರಿಮೂತಿನ ಒಂದನ್ನೇ ಹಟ್ಟೀಲಿ ಬಿಟ್ಟು ಹೋಗಿದ್ದ. ಒಂದಿನ ನನ್ನ ಕರೆದು, ‘ಕಾಲಿನ ಸಾರು ಕುಡೀಬೇಕು ಅನ್ಸಿ ಐತೆ, ಎಲ್ಲಿಂದಾದ್ರೂ ನಾಕು ಕಾಲು ತತ್ತಾ’ ಅಂದ್ಲು. ಅವಳು ಬಾಯಿ ಬಿಟ್ಟು ಏನೂ ಕೇಳಾಳಲ್ಲ. ಅದೊಂದು ಕೇಳಿದ್ಲು.

ಹಿರಿಯೂರಿಗೆ ಹೋಗಿ ತರಬೌದಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗಿದ್ರೆ ಉಣ್ಣ ಹೊತ್ತಿಗೆ ಬರಬೌದಿತ್ತು. ಕುರಿ ಇಟ್ಟಿರೋನು ಅಂಗಡಿ ಮುಂದೆ ನಿಂತು ಕಾಲು ಕೊಂಡ್ಕಳದಾ ಅನ್ನಿಸ್ತು. ನಮ್ಮ ವಂಶದಾಗೆ ಯಾರೂ ನಿಂತಿಲ್ಲ. ‘ತಡಿ, ಮಂದೆ ವಾಪಸ್ ಬರ್ಲಿ, ನಮ್ಮ ಕುರಿನೇ ಕೊಯ್ಯಾಣ’ ಅಂದೆ. ಅವಳು ಗೋಡೆ ಕಡೆಗೆ ತಿರುಗಿದ್ಲು. ಮಂದೆ ಬಂತು. ಅಷ್ಟೊತ್ತಿಗೆ ಅವಳು ಇರ್ಲಿಲ್ಲ.

ಅವತ್ತಿಂದ ಬಾಡು ಬಿಟ್ಟೆ. ಹಾಲು ಮೊಸರು ಬಿಟ್ಟೆ. ಕುರಿದು ಅನ್ನದು ಏನೂ ಬಾಯಿಗೆ ಹಾಕಿಲ್ಲ, ಅವಳಿಗೆ ಸಿಗದೆ ಇದ್ದದ್ದು ನಂಗೂ ಬ್ಯಾಡ ಅಂತ. ಆಮೇಲೆ ಈ ಉರಿ ಬಂತು. ಅವಳಿಗೆ ಎಲ್ಲಿ ಉರೀತಿತ್ತೋ ಅಲ್ಲೇ ಬಂತು.

ಕಾಲು ಕೇಳಿದ್ಲು, ಕೊಡ್ಲಿಲ್ಲ. ಈಗ ನನ್ನ ಕಾಲನ್ನ ತಗಂತಾ ಅವಳೆ, ದಿನಾ ಇಷ್ಟಿಷ್ಟು. ನನ್ನ ಭ್ರಮೆ ಇರಬೌದು ಅಂದ್ಕಂಡಿದ್ದೆ. ಈಗ ನಿನ್ನ ಕೈಲಿ ಬರೆಸವಳೆ. ಅಕ್ಷರ ನಿಂದಾದ್ರೆ ಮಾತು ಯಾರದು ಮಗಳೇ.

ಮಾತ್ರೆ ನುಂಗಲ್ಲ. ಅವಳು ತಗಳ್ಳಾಕೆ ಬಂದಾಗ ನಾನು ಹಿಡ್ಕಂಡು ಕುಂತ್ಕಳದು ಎರಡನೇ ಸಲ ಆಗ್ತದೆ.

ನೋವು ಕಮ್ಮಿ ಆಗೈತೆ. ಎಡಪಾದ ಈಗ ಏನೂ ಅನ್ನಲ್ಲ. ಅರ್ಧ ಮುಗೀತು ಅಂತ ಕಾಣ್ತದೆ.

ನಿಮ್ಮಜ್ಜ
ಗೊಲ್ಲಪ್ಪ


ಹೊಳಲ್ಕೆರೆ
೧೬ ಮೇ ೨೦೨೫

ಅಜ್ಜ,

ನಿನ್ನ ಕಾಗದವನ್ನು ಅಂಗಡಿಯ ಒಳಕೋಣೆಯಲ್ಲಿ, ಔಷಧದ ಡಬ್ಬಗಳ ನಡುವೆ ನಿಂತು ಓದಿದೆ. ಕೂರಲು ಆಗಲಿಲ್ಲ.

ನನಗೆ ಯಾರೂ ಏನೂ ಹೇಳಿಲ್ಲ. ಕಾಲಿನ ಸಾರಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಕಾಲು ನೋವಿನವನನ್ನು ಹೆದರಿಸಬೇಕಿತ್ತು, ಕಾಲು ಕೀಳುತ್ತೇನೆ ಎಂದು ಬರೆದೆ. ನಿನಗೆ ತಲೆನೋವಿದ್ದಿದ್ದರೆ ತಲೆ ಎನ್ನುತ್ತಿದ್ದೆ. ಅಷ್ಟೇ ಅಜ್ಜ. ಹುಣಸೇಮರ ನನ್ನದು, ಕಲ್ಲಿನ ರಾಗಿ ನನ್ನದು, ಕಾಲೂ ನನ್ನದೇ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಮಿಕ್ಕ ಸಾಲುಗಳನ್ನು ಯೋಚಿಸಿ, ಪೆನ್ನು ಕಚ್ಚಿ, ನಕ್ಕು ಬರೆದದ್ದು ನೆನಪಿದೆ. ಆ ಸಾಲನ್ನು ಬರೆದದ್ದು ಮಾತ್ರ ನೆನಪಾಗುತ್ತಿಲ್ಲ.

ಈಗ ಇದನ್ನು ಸರಿಯಾಗಿ ಓದು. ಎಡಪಾದ ಏನೂ ಅನ್ನುತ್ತಿಲ್ಲ ಎಂದರೆ ನೋವು ವಾಸಿಯಾಗಿಲ್ಲ. ನರ ಸಾಯುತ್ತಿದೆ. ಉರಿಯುವ ಪಾದ ಇನ್ನೂ ಬದುಕಿರುವ ಪಾದ. ಹಾಗೇ ಬಿಟ್ಟರೆ ನೆಲ ಎಲ್ಲಿದೆ ಎಂಬುದೇ ಪಾದಕ್ಕೆ ತಿಳಿಯುವುದಿಲ್ಲ. ಆಮೇಲೆ ನಡೆಯುವುದೇ ನಿಲ್ಲುತ್ತದೆ. ನಾಳೆಯೇ ಗಿರೀಶಣ್ಣನ ಜೊತೆ ಹಿರಿಯೂರಿಗೆ ಹೋಗು. ಕಾಲಲ್ಲಿ ಚಪ್ಪಲಿ ಇಲ್ಲದೆ ಹೊರಗೆ ಬರಬೇಡ.

ತಮಾಷೆ ಇಲ್ಲ.

ಕಾವ್ಯ


ಹೊಳಲ್ಕೆರೆ
೨೯ ಜೂನ್ ೨೦೨೫

ಅಜ್ಜ,

ನೀನು ಉತ್ತರ ಬರೆಯಲಿಲ್ಲ. ಗಿರೀಶಣ್ಣ ಫೋನು ಮಾಡಿದ. ಅವನು ಹೇಳಿದ್ದನ್ನೇ ನಿನಗೆ ಬರೆಯುತ್ತೇನೆ, ಯಾಕೆಂದರೆ ಆಗುವಾಗ ನಿನಗೆ ಅದು ಗೊತ್ತೇ ಆಗಲಿಲ್ಲವಂತೆ.

ನೀರೊಲೆಯಿಂದ ಸಿಡಿದ ಕೆಂಡದ ಮೇಲೆ ನಿಂತು ನೀನು ಕರಿಮೂತಿಗೆ ಹುರುಳಿ ತಿನ್ನಿಸುತ್ತಿದ್ದೆ. ಸುಟ್ಟ ವಾಸನೆ ಬಂದು ಅವ್ವ ಒಳಗಿನಿಂದ ಓಡಿ ಬಂದಳು. ‘ಮಾವ, ಕಾಲು, ಕಾಲು’ ಎಂದು ಕೂಗಿದಳು. ಅದು ನಿನಗೆ ಕೇಳಿಸಲೂ ಇಲ್ಲ, ಕಾಲಿಗೆ ತಿಳಿಯಲೂ ಇಲ್ಲ. ಅವಳು ಬಂದು ನೂಕಿದ ಮೇಲೆ ಕೆಳಗೆ ನೋಡಿ ನೀನು ನಕ್ಕೆಯಂತೆ. ಆ ನಗು ನೋಡಿದಾಗಿನಿಂದ ಅವ್ವನಿಗೆ ನಿನ್ನ ಹತ್ತಿರ ಬರಲು ಭಯ. ಅದನ್ನು ನಿನಗೆ ಹೇಳಬೇಡ ಎಂದಿದ್ದಾಳೆ.

ಸುದ್ದಿ ಕೇಳಿ ನಾನು ಊರಿಗೆ ಬಂದಾಗ ನೀನು ಪಟ್ಟಿ ಸುತ್ತಿದ ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದೆ. ಮಾತ್ರೆ ನುಂಗು ಎಂದು ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ, ನೀನು ಓದಿ ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ. ಹೊರಡುವಾಗ ಮಾತ್ರ ನನ್ನ ತಲೆ ಮುಟ್ಟಿ, ‘ನಿಂದೇನೂ ತಪ್ಪಿಲ್ಲ ಮಗಳೇ, ಅವಳಿಗೆ ಒಂದು ಕೈ ಬೇಕಿತ್ತು’ ಅಂದೆ.

ಆ ಮಾತಿನ ಮೇಲೆ ಹಿರಿಯೂರಿನಿಂದ ಚಿತ್ರದುರ್ಗದವರೆಗೂ ನನ್ನ ಬಲಗೈಯನ್ನು ದುಪಟ್ಟಾದಲ್ಲಿ ಸುತ್ತಿಟ್ಟುಕೊಂಡು ಕೂತಿದ್ದೆ. ಕಂಡಕ್ಟರು ಟಿಕೆಟ್ ಕೊಟ್ಟಾಗ ಎಡಗೈ ಚಾಚಿದೆ.

ಈಗ ಅಂಗಡಿಯಲ್ಲಿ ಯಾರಾದರೂ ‘ನರದ ಮಾತ್ರೆ’ ಎಂದು ಕೇಳಿದರೆ ಅವರ ಪಾದ ನೋಡುತ್ತೇನೆ. ಈರಬಸಪ್ಪ ನಿನ್ನೆ ಕೇಳಿದ, ‘ಯಾಕವ್ವ, ಇತ್ತೀಚೆಗೆ ನೀನು ಬೈಯೋದೇ ಇಲ್ಲ.’ ಅವನಿಗೆ ಕೆಂಪು ಮಾತ್ರೆ ಕೊಟ್ಟು ಕಳಿಸಿದೆ.

ಕಾವ್ಯ


ಹರಿಯಬ್ಬೆ
೧೦ ಆಗಸ್ಟ್ ೨೦೨೫

ಮಗಳೇ ಕಾವ್ಯ,

ಗಾಯ ಮಾಯ್ದೈತೆ. ಕೋಲು ಹಿಡಿದು ಅಂಗಳದ ತಂಕ ಹೋಗ್ತೀನಿ. ನೆಲ ಎಲ್ಲೈತೆ ಅಂತ ನೋಡ್ಕಂಡು ಹೆಜ್ಜೆ ಇಡ್ಬೇಕು. ಕತ್ತಲಾದ್ರೆ ಗೋಡೆ ಹಿಡ್ಕಬೇಕು. ಬಲಪಾದನೂ ಈಗ ಸುಮ್ನಾಗ್ತಾ ಐತೆ.

ಮಂದೆ ಮೇಯಕ್ಕೆ ಹೊರಟಾಗ ಬಾಗಿಲಲ್ಲೇ ಕುಂತಿರ್ತೀನಿ. ಕರಿಮೂತಿ ಹೋಗಲ್ಲ. ಒಂದು ಸಲ ನನ್ನ ನೋಡ್ತದೆ, ಒಂದು ಸಲ ಮಂದೆ ನೋಡ್ತದೆ. ಆಮೇಲೆ ಬಂದು ಕಾಲ ಹತ್ರ ಮಲಗ್ತದೆ. ಮಲಗಿದ್ದು ಕಣ್ಣಿಗೆ ಕಾಣ್ತದೆ, ಕಾಲಿಗೆ ಗೊತ್ತಾಗಲ್ಲ. ಅದೊಂದು ಬ್ಯಾಸರ.

ಇನ್ನೊಂದು ಮಾತು. ಹಾಸಿಗೆ ತಗ್ಗಾಗದು ನಿಂತೈತೆ. ಅವಳು ಬರ್ತಾಳೋ ಇಲ್ಲವೋ ಗೊತ್ತಾಗ್ತಿಲ್ಲ. ಕಾಲು ಕೊಟ್ರೆ ಅವಳು ಹತ್ರ ಆಗ್ತಾಳೆ ಅಂದ್ಕಂಡಿದ್ದೆ. ದೂರ ಆದಂಗೆ ಐತೆ.

ಅವಳ ಹೆಸರಲ್ಲಿ ಇನ್ನೊಂದು ಕಾಗದ ಬರೀತೀಯಾ. ನಾನು ಏನೂ ಅಂದ್ಕಳಲ್ಲ. ಇಷ್ಟು ಸಾಕಾ, ಇನ್ನೂ ಬೇಕಾ ಅಂತ ಒಂದು ಮಾತು ಕೇಳು.

ನಿಮ್ಮಜ್ಜ
ಗೊಲ್ಲಪ್ಪ


ಹೊಳಲ್ಕೆರೆ
೯ ಸೆಪ್ಟೆಂಬರ್ ೨೦೨೫

ಶ್ರೀಮದ್ ಗೊಲ್ಲಪ್ಪನವರ ಪಾದಗಳಿಗೆ, ಅವು ಇನ್ನೂ ಗೊಲ್ಲಪ್ಪನವರವೇ ಎಂಬ ನಂಬಿಕೆಯಿಂದ,

ನೀನು ಕೇಳಿದ ಕಾಗದ ಬರೆಯಲು ಕೂತೆ. ‘ತಿಮ್ಮಪ್ಪನ ಅಪ್ಪನಿಗೆ’ ಎಂದು ಬರೆದೆ. ಮುಂದಿನ ಸಾಲಿಗೆ ಕೈ ತಾನಾಗಿ ಹೋಗಿಬಿಟ್ಟರೆ ಏನು ಬರೆದೀತೋ ಎಂದು ಪೆನ್ನು ಕೆಳಗಿಟ್ಟೆ. ಮಾರನೆಯ ದಿನವೂ ಅಷ್ಟೇ ಆಯಿತು. ಯಾರ ಹೆಸರಿನಲ್ಲಿ ಬೇಕಾದರೂ ಬರೆದೇನು ಎಂದುಕೊಂಡಿದ್ದವಳು ನಾನು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಹೆಸರಿನಲ್ಲಿ ರಜೆ ಘೋಷಿಸಿದ್ದೆ. ಅಜ್ಜಿಯ ಹೆಸರಿನಲ್ಲಿ ಇನ್ನು ಬರೆಯುವುದಿಲ್ಲ. ಅವಳು ಹೇಳಬೇಕಾದ್ದನ್ನು ಅವಳೇ ಹೇಳಲಿ.

ನನ್ನ ಹೆಸರಿನಲ್ಲಿ ಒಂದು ಮಾತು ಹೇಳುತ್ತೇನೆ. ನಿನ್ನ ಮೇ ತಿಂಗಳ ಕಾಗದವನ್ನು ಮತ್ತೆ ಮತ್ತೆ ಓದಿದ್ದೇನೆ. ಅಜ್ಜಿ ಕೇಳಿದ್ದು ಕಾಲಿನ ಸಾರು. ನಿನ್ನ ಪಾದವನ್ನು ಅವಳು ಕೇಳಲಿಲ್ಲ. ಅದನ್ನು ನಾನು ಕೇಳಿದೆ, ನೀನು ಕೊಟ್ಟೆ. ಅವಳಿಗೆ ಕೊಡಬೇಕಾದ್ದು ಹಾಗೇ ಬಾಕಿ ಇದೆ. ಅವಳು ತೀರಿಕೊಂಡ ಮೇಲೆ ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಎಡೆ ಇಡುತ್ತೀಯ, ಹೊಸ ಸೀರೆ ಇಡುತ್ತೀಯ. ಎಲೆಯ ಮೇಲೆ ಏನಿರುತ್ತದೆ? ಮುದ್ದೆ ಮತ್ತು ಸೊಪ್ಪಿನ ಸಾರು. ಕಾಲಿನ ಸಾರು ಬೇಕೆಂದು ಗೋಡೆಯ ಕಡೆ ತಿರುಗಿದವಳು, ವರ್ಷಕ್ಕೊಮ್ಮೆ ಆಸೆಯಿಂದ ಬಂದು ಸೊಪ್ಪು ನೋಡಿ ವಾಪಸ್ಸು ಹೋಗುತ್ತಿದ್ದಾಳೆ. ಹಾಸಿಗೆಯ ಹತ್ತಿರ ಕೂತವಳು ಅದನ್ನೇ ಕೇಳುತ್ತಿದ್ದಳೋ ಏನೋ. ನಿನಗೆ ಕಿವಿ ಕೇಳಿಸುವುದಿಲ್ಲ.

ಇದೇ ಇಪ್ಪತ್ತೊಂದಕ್ಕೆ ಮಹಾಲಯ ಅಮಾವಾಸ್ಯೆ. ಎಡೆಗೆ ಕಾಲಿನ ಸಾರು ಮಾಡಿಸು. ಅಪ್ಪ ನಮ್ಮ ಕುರಿಯನ್ನೇ ಕೊಯ್ಯೋಣ ಎನ್ನುತ್ತಾನೆ, ಬೇಡ ಅನ್ನು. ಅವಳು ಎಲ್ಲಿಂದಾದರೂ ತಾ ಅಂದಿದ್ದಳು. ಅಂಗಡಿಯಿಂದ ತಾ. ನೀನೇ ಹೋಗಿ ತಾ.

ಎಲೆಯ ಪಕ್ಕದಲ್ಲಿ, ಇದರ ಜೊತೆ ಕಳಿಸಿರುವ ಮಾತ್ರೆಗಳನ್ನೂ ಇಡು. ಅವಳ ಪಾದಗಳೂ ಉರಿಯುತ್ತಿದ್ದವು ಎಂದು ಬರೆದಿದ್ದೀಯ. ಅದು ಯಾತರ ಉರಿಯೋ ನನಗೆ ತಿಳಿಯದು, ಆಗ ಯಾರೂ ರಕ್ತ ನೋಡಲಿಲ್ಲ. ಅವಳಿಗೂ ಇಡು. ಆಮೇಲೆ ಏನು ಮಾಡಬೇಕೆಂದು ನಾನು ನಿನಗೆ ಹೇಳಿಕೊಡಬೇಕಿಲ್ಲ. ಹಿರಿಯರಿಗೆ ಇಟ್ಟದ್ದನ್ನು ಮನೆಯವರು ಉಣ್ಣದೆ ಬಿಡುವಂತಿಲ್ಲ. ಬಿಟ್ಟರೆ ಅವರಿಗೆ ಮುಟ್ಟುವುದಿಲ್ಲ. ಚಿಕ್ಕವಳಿದ್ದಾಗ ಎಡೆಯ ಹಾಗಲಕಾಯಿ ತಿನ್ನಲಾರೆ ಎಂದು ಅತ್ತಾಗ ಕಣ್ಣು ದೊಡ್ಡದು ಮಾಡಿ ಇದನ್ನು ಹೇಳಿದವನು ನೀನೇ.

ನಾನು ಹಬ್ಬಕ್ಕೆ ಬರುವುದಿಲ್ಲ. ನಾನಿದ್ದರೆ ನನ್ನ ಮುಖ ನೋಡಿ ಉಣ್ಣುತ್ತೀಯ. ಅವಳಿಗಾಗಿ ಉಣ್ಣುವುದಾದರೆ ಉಣ್ಣು.

ಪಾದಧೂಳಿ
ಕಾವ್ಯಶ್ರೀ


ಹರಿಯಬ್ಬೆ
೧೬ ನವೆಂಬರ್ ೨೦೨೫

ಮಗಳೇ ಕಾವ್ಯ,

ಬರಿಯಾಕೆ ತಡ ಆತು. ಎಲ್ಲಾ ಹೇಳ್ತೀನಿ, ಗಿರೀಶ ನಿಂಗೆ ಫೋನಲ್ಲಿ ಅರ್ಧ ಹೇಳಿರ್ತಾನೆ.

ಅಮಾಸೆ ಹಿಂದಿನ ದಿನ ಗಿರೀಶನ ಹೆಗಲು ಹಿಡ್ಕಂಡು ಹಿರಿಯೂರಿಗೆ ಹೋದೆ. ಮಟನ್ ಅಂಗಡಿ ಮುಂದೆ ಜನ ಇದ್ರು. ನಿಂತೆ. ಕಂಬಳಿ ನೋಡಿ ಅಂಗಡಿಯವನು, ‘ಏನಜ್ಜ, ಕುರಿ ಹಟ್ಟಿಯೋರು ನಮ್ಮ ಹತ್ರ ಬಂದೀರಿ’ ಅಂತ ನಕ್ಕನಂತೆ, ಗಿರೀಶ ಕಿವೀಲಿ ಕೂಗಿ ಹೇಳ್ದ. ‘ತಡ ಆತು ಕಣಪ್ಪ, ನಾಕು ಕಾಲು ಕೊಡು’ ಅಂದೆ. ಅವನು, ಇನ್ನೂ ಬೇಕಾದಷ್ಟವೆ, ತಡ ಏನಾಗಿಲ್ಲ ತಗಳ್ರಿ ಅಂದ್ನಂತೆ. ಅವನಿಗೇನ್ ಗೊತ್ತು.

ನಿಮ್ಮವ್ವ ಮೆಣಸು ಮುಂದು ಮಾಡಿ ಸಾರು ಕಾಸಿದ್ಲು, ನಿಮ್ಮಜ್ಜಿ ಮಾಡ್ತಿದ್ದಂಗೆ. ಎಲೆ ಮೇಲೆ ಬಡಿಸಿ, ಸೀರೆ ಇಟ್ಟು, ನೀನು ಕಳಿಸಿದ ಮಾತ್ರೇನ ಬಿಡಿಸಿ ವೀಳ್ಯದೆಲೆ ಮೇಲೆ ಇಟ್ಟೆ. ಧೂಪ ಹಾಕಿ, ಬಾಗಿಲು ಮುಂದಕ್ಕೆ ಮಾಡ್ಕಂಡು ಎಲ್ರೂ ಹೊರಗೆ ಕುಂತ್ವಿ, ಅವರು ಉಣ್ಣತಂಕ. ಕರಿಮೂತಿ ಬಂದು ಹೊಸ್ತಿಲ ಹತ್ರ ನಿಂತ್ಕಂತು. ಮೇವು ತೋರಿಸಿದ್ರೂ ಕದಲ್ಲಿಲ್ಲ.

ಬಾಗಿಲು ತೆಗೆದಾಗ ಎಲ್ಲಾ ಇಟ್ಟಂಗೇ ಇತ್ತು. ಸಾರಿನ ಮೇಲೆ ಕೆನೆ ಕಟ್ಟಿತ್ತು. ಮಾತ್ರೆ ಒಂದು ಕಮ್ಮಿ ಇತ್ತು.

ನಾನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ದೆ. ನೆಲ ತಡವಿದ್ವಿ, ಚಾಪೆ ಎತ್ತಿ ಒದರಿದ್ವಿ. ನಿಮ್ಮಪ್ಪ ಇಲಿ ಅಂದ. ಗಿರೀಶ ಕರಿಮೂತಿ ಮೇಲೆ ಹೇಳ್ತಾನೆ, ಅದಕ್ಕೆ ರುಚಿ ಗೊತ್ತಲ್ಲ ಅಂತ. ಕರಿಮೂತಿ ಹೊಸ್ತಿಲು ದಾಟಿಲ್ಲ. ನಾನು ಅದನ್ನೇ ನೋಡ್ಕಂಡು ಕುಂತಿದ್ದೆ.

ಆಮೇಲೆ ಎಲೆ ಮುಂದೆ ಕುಂತೆ. ಮೊದಲ ಗುಟುಕು ಗಂಟಲಾಗೆ ನಿಂತ್ಕಂತು. ನಿಮ್ಮವ್ವ ಬಂದು ಬೆನ್ನು ಸವರಿದ್ಲು. ಅವಳು ನನ್ನ ಹತ್ರ ಬರದೇ ಎಷ್ಟು ದಿನ ಆಗಿತ್ತೋ. ಎರಡನೇ ಗುಟುಕು ಇಳೀತು. ಬಟ್ಟಲು ಖಾಲಿ ಮಾಡಿ ಒಂದು ಮಾತ್ರೆ ನುಂಗಿದೆ.

ಅವತ್ತಿಂದ ಡಾಕ್ಟರು ಕರೆದಾಗೆಲ್ಲ ಸೂಜಿಗೂ ಹೋಗ್ತಾ ಇದೀನಿ. ಓಡಿ ಹೋಗಾಕೆ ಕಾಲು ಬೇಕಲ್ಲ. ಎಷ್ಟು ವಾಪಸ್ ಬರ್ತದೋ ಹೇಳಾಕಾಗಲ್ಲ, ನಿಧಾನ ಆಗ್ತದೆ ಅಂತ ಡಾಕ್ಟರು ಚೀಟೀಲಿ ಬರೆದು ತೋರಿಸಿದ್ರು. ಮೊಸರು ತಿಂತಾ ಇದೀನಿ.

ಮೊನ್ನೆ ಬಾಗಿಲಲ್ಲಿ ಕುಂತಿದ್ದೆ. ಕರಿಮೂತಿ ಬಂದು ಎಡಪಾದದ ಮೇಲೆ ಗದ್ದ ಇಟ್ಟು ಮಲಗ್ತು. ಬಿಸಿ ಗೊತ್ತಾತು. ಸ್ವಲ್ಪ ಹೊತ್ತಿಗೆ ಹೆಬ್ಬೆಟ್ಟು ಉರಿಯಾಕೆ ಹತ್ತಿತು, ಅದೇ ಹಳೇ ಉರಿ. ನಾನು ಅಳಾದು ನೋಡಿ ನಿಮ್ಮವ್ವ, ‘ನೋವಾ ಮಾವ, ತುಂಬಾ ನೋವಾ’ ಅಂತ ಸ್ಲೇಟಲ್ಲಿ ಬರೆದು ತಂದ್ಲು. ಹೂಂ ಅಂದೆ. ವಾಪಸ್ ಕೊಟ್ಟವಳೆ ಅಂದೆ.

ಹಾಸಿಗೆ ಮತ್ತೆ ತಗ್ಗಾಗ್ತಾ ಐತೆ. ನರದ ಆಟ ಅಂತ ನೀನು ಬರೀತೀಯ, ಬರಿ. ಈಗ ಅವಳು ಏನೂ ಕೇಳಲ್ಲ. ಸುಮ್ನೆ ಕುಂತಿರ್ತಾಳೆ, ನಾನೂ ಕಾಲು ಸರಿಸಲ್ಲ. ಮಾತ್ರೇನ ತಲೆ ಹತ್ರ ಗೂಡಲ್ಲಿ ಇಟ್ಕಂಡಿದೀನಿ. ಬೆಳಿಗ್ಗೆ ಎದ್ದು ನೋಡಿದ್ರೆ ನಾನು ಎಣಿಸಿದ್ದಕ್ಕೂ ಅಲ್ಲಿರದಕ್ಕೂ ಲೆಕ್ಕ ಹೊಂದಲ್ಲ. ಗಿರೀಶನಿಗೆ ಹೇಳಿಲ್ಲ, ಕರಿಮೂತಿನ ಬೈತಾನೆ.

ಇರೋವು ಮುಗೀತಾ ಬಂದ್ವು ಮಗಳೇ. ಈ ಸಲ ಕಳಿಸುವಾಗ ಇಬ್ಬರಿಗೆ ಆಗಷ್ಟು ಕಳಿಸು.

ನಿಮ್ಮಜ್ಜ
ಗೊಲ್ಲಪ್ಪ